ಎತ್ತು ಹೋಗದ ಮುಂಬಾಗಿಲು

ಎಂಬತ್ತೆರಡನೇ ಇಸವಿ, ಜೋಳದ ಕೊಯ್ಲಿನ ಕಾಲ. ಕುಡುಗೋಲಿಗೆ ಸಾಣೆ ಹಿಡಿಸಿಕೊಂಡು ಸವಳಂಗದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಾರೆ ಕೆಲಸದವನೊಬ್ಬ ಕೂತಿದ್ದ. ಹೆಂಗಸೊಬ್ಬಳು ಬಿರಬಿರನೆ ಬಂದು ಅವನೆದುರು ನಿಂತಳು.

“ತಿಪ್ಪಣ್ಣ, ನೀನು ಇಟ್ಟ ಬಾಗಿಲಾಗೆ ಎತ್ತು ಒಳಗಿನ ಕೊಟ್ಟಿಗೆಗೆ ಹೋಗ್ತಿಲ್ಲ. ಕೊಂಬು ಎರಡೂ ಕಡೆ ತಾಗ್ತಾವೆ.”

“ನಿಮ್ಮ ಯಜಮಾನ್ರೇ ಅಳತೆ ಕೊಟ್ಟಿದ್ದು, ಹಾಲಮ್ಮಾರೆ. ಹೊನ್ನಾಳಿ ಮೇಷ್ಟ್ರ ಮನೆ ನೋಡಿ ಬಂದು, ಮನೆ ಮುಂಭಾಗ ಹಂಗೇ ಆಗಬೇಕು ಅಂದ್ರು.”

“ಮೇಷ್ಟ್ರು ಮನೆಯಾಗೆ ದನ ಕಟ್ತಾರೇನು?”

“ಅವರ ಸೈಕಲ್ಲು ಆರಾಮಾಗಿ ಒಳಗೆ ಹೋಗ್ತೈತೆ.”

“ನಗಬೇಡ. ಮೂರು ದಿನದಿಂದ ಎತ್ತು ಬೀದಿಯಾಗೈತೆ. ನಾಳೆ ಸಂತೆಗೆ ಹೊಡೆದು ಮಾರ್ತೀನಿ ಅಂತಾರೆ ನಮ್ಮ ಯಜಮಾನ್ರು. ಅದರ ತಾಯಿ ನನ್ನ ತವರಿಂದ ಬಂದ ಆಕಳು. ಬಾಗಿಲು ಅಗಲ ಮಾಡಿಕೊಡು.”

“ಹೊಸ್ತಿಲ ಪೂಜೆ ಆಗೈತಲ್ಲ. ಪೂಜೆ ಆದ ಬಾಗಿಲು ಕೀಳಾಕೆ ಯಾರೂ ಕೈ ಹಚ್ಚಲ್ಲ.”

“ಹಂಗಾದ್ರೆ ಬಾಗಿಲ ಮಗ್ಗುಲಿಗೇ ಗೋಡೆ ಒಡೆದು ಇನ್ನೊಂದು ದಾರಿ ಬಿಡು.”

“ನಾನೂ ಅದನ್ನೇ ಹೇಳಿದ್ದೆ. ಬಣ್ಣ ಹೊಡೆದ ಗೋಡೆ ಅಂದಗೆಡ್ತೈತೆ ಅಂದ್ರು. ಅವರು ಹೇಳದೆ ನಾನು ಒಡೆಯಾಕಾಗಲ್ಲ, ತಾಯಿ.”

ಬಸ್ಸು ಬಂತು. ತಿಪ್ಪಣ್ಣ ಎದ್ದು ಹಾರೆ, ಸಾಮಾನು ಹೆಗಲಿಗೇರಿಸಿದ.

“ಹಾರೆ ಕೊಟ್ಟು ಹೋಗು.”

“ಯಜಮಾನ್ರು ಕೇಳಿದ್ರೆ?”

“ನೀನು ಮರೆತು ಬಿಟ್ಟುಹೋದೆ ಅಂತೀನಿ. ಒಡೆದೋಳು ನಾನೇ ಅಂತೀನಿ.”

ತಿಪ್ಪಣ್ಣ ಹಾರೆಯನ್ನು ತಾನು ಕೂತಿದ್ದ ಕಲ್ಲಿಗೆ ಒರಗಿಸಿ, ಅವಳ ಮುಖ ನೋಡದೆ ಬಸ್ಸು ಹತ್ತಿದ. ನಾನೂ ಹತ್ತಿ ಕೂತು ಕಿಟಕಿಯಿಂದ ನೋಡಿದಾಗ, ಅವಳು ಹಾರೆ ಹೊತ್ತು ತನ್ನ ಕೇರಿಯ ಕಡೆ ತಿರುಗಿದ್ದಳು.