ಬೂದಿ ಮೇಲಿನ ಹೆಜ್ಜೆ

ಮಳೆ ಸಂಜೆಯಿಂದಲೇ ಹಿಡಿದುಕೊಂಡಿತ್ತು. ಬೆಳಗಾದರೆ ಹಳ್ಳದ ದಂಡೆಯ ಕಾಲುದಾರಿ ಹತ್ತಬೇಕೆಂದು ಬಂದಿದ್ದ ಚಾರಣಿಗರು ತಂಗುಮನೆಯ ಒಲೆಯ ಸುತ್ತ ಒದ್ದೆ ಕಾಲುಚೀಲ ಹರವಿಕೊಂಡು ಕೂತಿದ್ದರು. ಕಾಳ್ಗಿಚ್ಚಿಗೆ ಸಿಕ್ಕಿ ಚೇತರಿಸಿಕೊಳ್ಳುತ್ತಿದ್ದ ಕಾಡು ಅದು. ಕರಿ ಬೊಡ್ಡೆಗಳ ಬುಡದಲ್ಲಿ ಜರೀಗಿಡ ಚಿಗುರಿ, ನೋಡುವವರಿಗೆ ಚೆಂದವೇ ಕಾಣುತ್ತಿತ್ತು. ತಂಗುಮನೆ ನೋಡಿಕೊಳ್ಳುವ ತಾತ ಮಾತ್ರ ಆ ಚಿಗುರಿನ ಹೊಗಳಿಕೆ ಕೇಳಿ ಕೇಳಿ ಮುಖ ಗಂಟು ಹಾಕಿಕೊಂಡಿದ್ದ. "ದಾರಿ ತಪ್ಪಿದ್ರೆ ಏನು ಮಾಡೋದು ತಾತ?" ಎಂದು ಒಬ್ಬಳು ಕೇಳಿದಾಗ, ಒಲೆಗೆ ಸೌದೆ ನೂಕಿ ಶುರುಮಾಡಿದ.

"ದಾರಿ ತಪ್ಪಿದ್ರೆ ಬಿಡಮ್ಮ, ಕೂಗಿದ್ರೆ ಯಾರಾದ್ರೂ ಬರ್ತಾರೆ. ಸರಿಯಾದ ದಾರೀಲೇ ಇದೀವಿ ಅಂದ್ಕೊಂಡು ಹೋಗ್ತೀವಲ್ಲ... ಅದಕ್ಕೇನು ಮಾಡ್ತೀಯ? ಈ ದಾರಿ ಕಡಿದೋನು ನನ್ನ ಅಳಿಯ. ಬೆಂಕಿ ಬಿದ್ದು ಹೋದ ಮೇಲೆ ನನ್ನ ಮಗಳಿಗೆ ಒಂದೇ ಮಾತು ಹೇಳ್ತಿದ್ದ, ನಾನು ಕಾಲಿಟ್ಟ ಕಡೆನೇ ಕಾಲಿಡು ಅಂತ. ಯಾಕೆ ಅಂತೀರಾ? ಬೆಂಕಿ ಮರ ಸುಟ್ಟು ಸುಮ್ಮನಾಗಲ್ಲ, ನೆಲದೊಳಗಿಳಿದು ಬೇರನ್ನೂ ತಿಂದುಬಿಡುತ್ತೆ. ಮೇಲೆ ನೋಡಿದ್ರೆ ಗಟ್ಟಿ ನೆಲ, ಒಳಗೆ ಬರೀ ಪೊಳ್ಳು. ಕಾಲಿಟ್ರೆ ಆಳೇ ಮುಳುಗೋ ಗುಂಡಿ.

ಆವತ್ತು ಅಳಿಯ ಕಾಲುಸೇತುವೆ ರಿಪೇರಿಗೆ ಹೋಗಿದ್ದ. ಮಧ್ಯಾಹ್ನ ಗುಡ್ಡದ ನೆತ್ತಿ ಮೇಲೆ ಮೋಡ ಕಟ್ತು. ಸುಟ್ಟ ಗುಡ್ಡ ನೀರು ಹಿಡಿಯಲ್ಲ ನೋಡಿ, ಮೇಲೆ ಮಳೆ ಬಿದ್ರೆ ಸಾಕು, ಬೂದಿ, ದಿಮ್ಮಿ, ಕಲ್ಲು ಎಲ್ಲಾ ಒಟ್ಟಿಗೆ ಹಳ್ಳಕ್ಕೆ ನುಗ್ಗುತ್ತೆ. ಹಳ್ಳದ ಸದ್ದಲ್ಲಿ ಅವನಿಗೆ ಗುಡುಗೂ ಕೇಳಲ್ಲ. ಅವನನ್ನ ಎಚ್ಚರಿಸಬೇಕು ಅಂತ ಮಗಳು ಹಿಂಡ್ತಿದ್ದ ಬಟ್ಟೆ ಅಲ್ಲೇ ಬಿಸಾಕಿ ಓಡಿದ್ಲು.

ದಾರಿ ತುಂಬಾ ಹಸಿ ಬೂದಿ, ಅದರ ಮೇಲೆ ಗಂಡನ ಬೂಟಿನ ಗುರುತು. ಸವೆದ ಹಿಮ್ಮಡಿಗೆ ಟೈರಿನ ತುಂಡು ಹೊಡೆದವಳೇ ಅವಳು, ಗುರುತು ತಪ್ಪುತ್ತಾ? ಅದರ ಮೇಲೇ ಕಾಲಿಡ್ತಾ ಹೋದ್ಲು. ಒಂದು ಕಡೆ ಹೆಜ್ಜೆ ಹಳ್ಳ ಬಿಟ್ಟು ಮೇಲಕ್ಕೆ ಹತ್ತಿತ್ತು. ಸೇತುವೆ ಕೆಳಗಿರೋದು, ಇವರ‍್ಯಾಕೆ ಮೇಲೆ ಹೋದ್ರು ಅಂತ ಅನುಮಾನ ಬಂತು. ಆದ್ರೆ ಕಟ್ಟಿಕೊಂಡ ಗಂಡನ ಹೆಜ್ಜೆ... ಅನುಮಾನ ಎಷ್ಟು ಹೊತ್ತು ನಿಲ್ಲುತ್ತೆ ಹೇಳಿ? ಹತ್ತಿದ್ಲು. ಹಕ್ಕಿ ದನಿ ಇಲ್ಲ, ಗಾಳಿ ಇಲ್ಲ, ಸುತ್ತ ಕರಿ ಮರಗಳು.

ಆಗ ಹಿಂದುಗಡೆ, ತೀರಾ ಕೆಳಗಿಂದ ಗಂಡನ ಕೂಗು. 'ಏಯ್, ಅಲ್ಲೇನು ಮಾಡ್ತಿದೀಯೇ? ಆ ಕಡೆ ನಾನು ಕಾಲೇ ಇಟ್ಟಿಲ್ಲ.'

ಎತ್ತಿದ ಕಾಲು ಎತ್ತಿದ ಹಾಗೇ ನಿಂತ್ಲು. ಮುಂದೆ ಬೂದಿ ನುಣ್ಣಗಿತ್ತು, ಗುರುತೇ ಇರಲಿಲ್ಲ. ಅವಳು ನೋಡ್ತಾ ಇದ್ದ ಹಾಗೇ ಅಲ್ಲಿ ಬೂದಿ ನಿಧಾನಕ್ಕೆ ಅದುಮಿಕೊಳ್ತು... ಮೊದಲು ಹಿಮ್ಮಡಿ, ಟೈರಿನ ತುಂಡು ಸಮೇತ, ಆಮೇಲೆ ಬೂಟಿನ ಮೂತಿ. ಒಂದು ಹೆಜ್ಜೆ ಮುಂದೆ ಹೋಗಿ ಕಾಯ್ತಾ ಇತ್ತು ಅದು. ಇವಳು ಹಿಂದಕ್ಕೆ ಸರಿದ್ಲು. ಆ ಗುರುತು ತಿರುಗ್ತು. ಮೂತಿ ಇವಳ ಕಡೆಗೆ.

ಹೆಂಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಗಂಡನ ಕೈ ಹಿಡಿದು ಎಳ್ಕೊಂಡು ಬಂದ್ಲು, ಅವರು ಬಾಗಿಲು ದಾಟೋ ಹೊತ್ತಿಗೆ ಸೇತುವೆ ಕೊಚ್ಚಿಹೋಗಿತ್ತು. ಮಾರನೇ ದಿನ ಅಳಿಯ ಆ ಜಾಗಕ್ಕೆ ಉದ್ದದ ಗಳ ಚುಚ್ಚಿ ನೋಡಿದ. ಗಳ ಪೂರ್ತಿ ಒಳಗೆ ಹೋಯ್ತು. ಇಬ್ಬರೂ ಈ ಕಡೆ ಮತ್ತೆ ತಲೆ ಹಾಕಿಲ್ಲ."

ತಾತ ಒಲೆಯ ಕೆಂಡ ಕೆದಕಿ ಮುಂದುವರಿಸಿದ.

"ಕಾಡು ಚಿಗುರ್ತಲ್ಲ, ಅದೂ ತೊಲಗಿರಬೇಕು ಅಂತ ನಾನೂ ಅಂದ್ಕೊಂಡಿದ್ದೆ. ಅದಕ್ಕೆ ಸ್ವಂತ ಪಾದ ಇಲ್ಲ ನೋಡಿ. ಯಾರ ಹೆಜ್ಜೆ ಕಂಡ್ರೆ ನೀವು ಹಿಂದೆಮುಂದೆ ನೋಡದೆ ಓಡ್ತೀರೋ, ಅವರದ್ದೇ ಎರವಲು ತಗೊಳ್ಳುತ್ತೆ. ಇವತ್ತು ನೀವೆಲ್ಲ ಬಂದಿಳಿದ ಮೇಲೆ, ಮಳೆಗೆ ಮೊದಲು, ದಾರಿ ನೋಡೋಣ ಅಂತ ಹೋಗಿದ್ದೆ. ಈ ಸಲ ಬೂಟಲ್ಲ. ಮಗುವಿನ ಬರಿಗಾಲು... ಎಡಪಾದ ಸ್ವಲ್ಪ ಒಳಕ್ಕೆ ತಿರುಗಿಸಿ ನಡೆಯೋ ಮಗು."

ತಾತ ಒಬ್ಬೊಬ್ಬರ ಮುಖವನ್ನೂ ನೋಡಿದ.

"ಹೇಳಿ, ನಿಮ್ಮಲ್ಲಿ ಯಾರ ಮಗು ಹಾಗೆ ನಡೆಯುತ್ತೆ?"