ಮುಂದಿನ ಬೆಂಚಿಗೆ ಬಂದ ಜೀವರತ್ನಮ್ಮ

ನೋಡಿ ಪ್ರಿಯರೇ, ಗಿರಣಿಗಳ ಪಟ್ಟಣವೊಂದರಲ್ಲಿ ದಾನಿಯೇಲಪ್ಪ ಎಂಬ ಮರದ ವ್ಯಾಪಾರಿ ಇದ್ದ. ಶ್ರೀಮಂತ. ಕೆಟ್ಟವನೇ? ಅಲ್ಲ, ಅಲ್ಲ. ನಮ್ಮ ನಿಮ್ಮಂಥವನೇ.

ಆ ಪಟ್ಟಣದ ಕ್ರೈಸ್ತ ಸಭೆ ಹುಟ್ಟಿದ್ದು ಎಲ್ಲಿ ಗೊತ್ತೇ? ಜೀವರತ್ನಮ್ಮ ಎಂಬ ವಿಧವೆಯ ಇಡ್ಲಿ ಅಂಗಡಿಯಲ್ಲಿ! ಭಾನುವಾರ ಅವಳು ಒಲೆ ಆರಿಸಿ ಚಾಪೆ ಹಾಸುತ್ತಿದ್ದಳು. ಐದು ಗಿರಣಿ ಕುಟುಂಬಗಳು, ಸೈಕಲ್ಲಿನಲ್ಲಿ ಬಂದು ಪ್ರಸಂಗ ಮಾಡುವ ಒಬ್ಬ ಅಯ್ಯನವರು. ಆರು ವರ್ಷ ಹೀಗೆಯೇ ನಡೆಯಿತು. ಕೂಲಿಗೆಂದು ಊರಿಗೆ ಬಂದ ದಾನಿಯೇಲಪ್ಪ ಮೊದಲ ಸಲ ಬಾಗಿಲಲ್ಲೇ ನಿಂತಾಗ, "ಯಾಕಪ್ಪಾ ನಿಂತೆ? ಬಾ, ಒಳಗೆ ಕೂತ್ಕೋ" ಎಂದು ಜರುಗಿ ಜಾಗ ಕೊಟ್ಟವಳೂ ಅವಳೇ.

ಆಮೇಲೆ ಕಲ್ಲಿನ ದೇವಾಲಯ ಎದ್ದಿತು. ಬಿಷಪ್ಪರು ಬಂದು ಪ್ರತಿಷ್ಠೆ ಮಾಡಿದರು. ಅಷ್ಟರಲ್ಲಿ ಸಾಹುಕಾರನಾಗಿದ್ದ ದಾನಿಯೇಲಪ್ಪ ಬೆಂಚುಗಳನ್ನೆಲ್ಲ ತೇಗದಲ್ಲಿ ಮಾಡಿಸಿಕೊಟ್ಟ. ಮುಂದಿನ ಬೆಂಚು ಅವನದಾಯಿತು. ಯಾರೂ ಕೊಡಲಿಲ್ಲ, ಅವನೂ ಕೇಳಲಿಲ್ಲ. ಆದರೆ ಆಯಿತು. ಇಂಥದ್ದೆಲ್ಲ ಹಾಗೆಯೇ ಅಲ್ಲವೇ ಆಗುವುದು?

ಒಂದು ಭಾನುವಾರ, ವಯಸ್ಸಾಗಿದ್ದ ಜೀವರತ್ನಮ್ಮ ಹಿಂದಿನ ಸಾಲಿನಿಂದ ಎದ್ದು ಬಂದು ಆ ಬೆಂಚಿನಲ್ಲಿ ಕೂತಳು. ಸಭೆಯ ಕಾರ್ಯದರ್ಶಿ ಓಡಿಬಂದು ಅವಳ ಭುಜ ಮುಟ್ಟಿದ.

"ಅಮ್ಮಾ, ಇದು ಸಾಹುಕಾರ್ರ ಜಾಗ. ಎದ್ದೇಳಿ."

ದಾನಿಯೇಲಪ್ಪ ಅಲ್ಲೇ ನಿಂತಿದ್ದ. ಏನು ಮಾಡಿದ? ವಾಚು ನೋಡಿಕೊಂಡ. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಮುಂದಿನ ವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ದಾನಿಯೇಲಪ್ಪನಿಗೆ ತಡೆಯಲಾಗಲಿಲ್ಲ, ಅವಳ ಅಂಗಡಿಗೆ ಹೋದ.

"ನನ್ ಮೇಲೆ ಸಿಟ್ಟಾ ಅಮ್ಮಾ?"

ಅವಳು ಕಿವಿಗೆ ಕೈ ಹಿಡಿದಳು. ಅವನು ಮತ್ತೆ ಕೂಗಿ ಕೇಳಬೇಕಾಯಿತು.

"ಸಿಟ್ಟೇನಿಲ್ಲ ಕಣಪ್ಪಾ. ಕಿವಿ ಹೋಗೈತೆ. ಹಿಂದೆ ಕೂತ್ರೆ ಅಯ್ನೋರು ಬಾಯಾಡ್ಸೋದಷ್ಟೇ ಕಾಣ್ತೈತೆ. ಅದನ್ನ ನೋಡಾಕೆ ಅಷ್ಟು ದೂರ ಯಾಕೆ ಬರ್ಲಿ?"

ದಾನಿಯೇಲಪ್ಪನ ಕಣ್ಣು ತುಂಬಿತು. "ಆವತ್ತು ನಾನು ಬಾಯಿ ಬಿಡ್ಬೇಕಿತ್ತಮ್ಮಾ" ಎಂದ. ಅವಳಿಗೆ ಕೇಳಿಸಿತೋ ಇಲ್ಲವೋ, ಎರಡು ಇಡ್ಲಿ ತಟ್ಟೆಗೆ ಹಾಕಿ ಅವನ ಮುಂದಿಟ್ಟಳು.

ಮರುವಾರ ಅವನು ಅವಳನ್ನು ಕೈಹಿಡಿದು ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸಿ, ತಾನೂ ಪಕ್ಕ ಕೂತ. ಅಯ್ಯನವರು ಒಂದು ಮಾತು ಹೇಳುವುದು, ಇವನು ಅದನ್ನು ಅವಳ ಕಿವಿಯಲ್ಲಿ ಕೂಗುವುದು! ಸಭೆಯೆಲ್ಲ ನಗು. ಪಾಪ, ಅಯ್ಯನವರು ಪ್ರತಿ ವಾಕ್ಯಕ್ಕೂ ನಿಂತು ಕಾಯಬೇಕಾಯಿತು. ಅವಳು ತೀರಿಕೊಳ್ಳುವವರೆಗೂ, ನಾಲ್ಕು ವರ್ಷ, ಅವನು ಒಂದು ಭಾನುವಾರವೂ ತಪ್ಪಿಸಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಗಬೇಡಿ. "ನಮ್ಮ ಬೆಂಚು" ಎಂಬುದು ನಿಮ್ಮ ಮನಸ್ಸಿನಲ್ಲಿ ಇಲ್ಲವೇ? ಹಿಂದಿನ ಸಾಲನ್ನು ನೋಡಿ. ಈಗಲೇ ತಿರುಗಿ ನೋಡಿ. ನಿಮಗೆ ಹೆಸರು ಗೊತ್ತಿಲ್ಲದವರು ಎಷ್ಟು ಜನ? ಇವತ್ತು ಆಶೀರ್ವಾದ ಮುಗಿದ ಕೂಡಲೇ ಸ್ಕೂಟರಿನತ್ತ ಓಡಬೇಡಿ. ಅವರಲ್ಲಿ ಒಬ್ಬರ ಹತ್ತಿರ ಹೋಗಿ, ಹೆಸರು ಕೇಳಿ. ಮುಂದಿನ ಭಾನುವಾರ ಅವರ ಪಕ್ಕ ಕೂರಿ. ಕಣ್ಣು ಕಾಣದವರಿಗೆ ಓದಿ ಹೇಳಿ, ಕಿವಿ ಕೇಳದವರಿಗೆ ಕೂಗಿ ಹೇಳಿ. ನನ್ನ ಪ್ರಸಂಗಕ್ಕೆ ಅಡ್ಡಿಯಾಗುತ್ತದೆ ಎಂಬ ಚಿಂತೆ ಬೇಡ. ನಾನು ಕಾಯುತ್ತೇನೆ.