ಚೀಲದೊಳಗಿನ ಶ್ರುತಿ

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿಗೆ ಕಾಯುತ್ತಿದ್ದ ಮೈಥಿಲಿಯ ಪಕ್ಕದಲ್ಲೇ ಒಬ್ಬ ಹುಡುಗಿ ಕೂತಿದ್ದಳು. ತೊಡೆಯ ಮೇಲೆ ಶ್ರುತಿ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಅವಳ ಚಿಕ್ಕಮ್ಮ ಅಂಗಡಿ ಸಾಲಿನಾಚೆ ಹೋಗಿ, ಅಲ್ಲಿಂದ ಇವಳ ಫೋನಿಗೆ ವಿಡಿಯೋ ಕಾಲ್ ಮಾಡಿ, ಹಾಡಿಸಿ ಕೇಳಿ ವಾಪಸ್ ಬಂದಳು.

“ದೀಕ್ಷಾ, ನಿನ್ನ ಸರಿಗಮ ಕೇಳ್ಸುತ್ತೆ. ಪೆಟ್ಟಿಗೆ ಸದ್ದೇ ಇಲ್ಲ ಮಾರಾಯ್ತಿ.”

“ಇಷ್ಟು ಜೋರಾಗಿ ಇಟ್ಟಿದೀನಲ್ಲ ಚಿಕ್ಕಮ್ಮ.”

“ಕೊಡು ಫೋನು. ಗಲಾಟೆ ಅಳಿಸೋ ಸೆಟ್ಟಿಂಗ್ ಆನ್ ಇದೆ ನೋಡು. ಫ್ಯಾನು, ಮಿಕ್ಸಿ ಸದ್ದು ಅಳಿಸೋ ಹಾಗೆ ಶ್ರುತಿನೂ ಅಳಿಸಿ ಹಾಕಿದೆ. ಎಂಥಾ ಸಂಗೀತ ಜ್ಞಾನ ಇದಕ್ಕೆ!”

ಆಫ್ ಮಾಡಿ, ಮತ್ತೊಮ್ಮೆ ಆಚೆ ಹೋಗಿ ಬಂದಳು. “ಈಗ ಚೆನ್ನಾಗಿ ಕೇಳ್ಸುತ್ತೆ.”

ಮೈಥಿಲಿಯ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಶಾಪ ಕಳೆದ ಕೂಡಲೇ ಎಲ್ಲರೂ ನಗುತ್ತಿದ್ದರು. ಈ ಹುಡುಗಿಯ ಮುಖ ಮಾತ್ರ ಕದಲಲಿಲ್ಲ.

“ಸಂಗೀತದ ಮೇಡಂಗೆ ಈಗಲೇ ಹೇಳು. ಶ್ರುತಿ ಇಡದೇನೇ, ಇಟ್ಟಿದೀನಿ ಅಂತ ಸುಳ್ಳು ಹೇಳ್ತೀಯ ಅಂತ ತಾನೆ ಆನ್‌ಲೈನ್ ಪಾಠ ನಿಲ್ಸಿದ್ದು?”

“ಹ್ಞೂಂ. ಆದ್ರೆ ಕೊನೇ ದಿನ ನಾನು ಹೌದು ಅಂದ್ಬಿಟ್ಟೆ.”

“ಎಂತ ಹೌದು?”

“ಶ್ರುತಿ ಇಟ್ಟಿರ್ಲಿಲ್ಲ, ಸುಳ್ಳು ಹೇಳ್ದೆ ಅಂತ. ಒಪ್ಕೊಂಡ್ರೆ ಬೈಯೋದು ಬಿಟ್ಟು ಪಾಠ ಮಾಡ್ತಾರೆ ಅಂದ್ಕೊಂಡೆ.”

“ಅಯ್ಯೋ ಕೂಸೇ! ಈಗ ನಿಜ ಹೇಳಿದ್ರಾಯ್ತಪ್ಪ.”

“ಇದು ಇನ್ನೊಂದು ಸುಳ್ಳು ಅಂತಾರೆ, ಅಷ್ಟೇ.”

ಬಾಳೆಹೊನ್ನೂರಿನ ಬಸ್ಸು ಬಂತು. ಚಿಕ್ಕಮ್ಮ ಮೊದಲು ಹತ್ತಿದಳು. ದೀಕ್ಷಾ ಪೆಟ್ಟಿಗೆಯನ್ನು ಆಫ್ ಮಾಡದೆ ಹಾಗೇ ಚೀಲಕ್ಕೆ ಹಾಕಿಕೊಂಡು ಅವಳ ಹಿಂದೆಯೇ ಹತ್ತಿ ಕಿಟಕಿಯ ಬಳಿ ಕೂತಳು. ಬಸ್ಸು ಹೊರಡುವವರೆಗೂ ಚೀಲದೊಳಗಿನ ಶ್ರುತಿ ಮೈಥಿಲಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.